ಸಿಕ್ಕಿಕೊಂಡರೆ ನೂಕಬಾರದು

ದಿನಕ್ಕೆ ನಾಲ್ಕು ಸಲ ಗಂಡನ ಮೂತ್ರ ತೆಗೆಯಲು ಕೊಂಡ ಟ್ಯೂಬುಗಳ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು ಅವಳು ಆಸ್ಪತ್ರೆಯ ಬೆಂಚಿನ ಮೇಲೆ ಮುದುಡಿ ಕೂತಿದ್ದಳು. ಡಾಕ್ಟರ ಕೋಣೆಯಿಂದ ಬಂದ ಎಲೆಕ್ಟ್ರಿಷಿಯನ್ನೂ ಅವನ ಅಕ್ಕನೂ ಪಕ್ಕದಲ್ಲೇ ಕೂತರು.

"ನಡುರಾತ್ರಿ ಬಚ್ಚಲಲ್ಲಿ 'ಸ್' ಅಂದೆಯಲ್ಲ, ಆಗಲೇ ನನಗೆ ಅನುಮಾನ ಬಂತು."

"ಮೂತ್ರದ ಟ್ಯೂಬು ಒಳಗೆ ತಡೀತು ಅಕ್ಕ. ಸ್ವಲ್ಪ ನೂಕಿದೆ."

"ಅದೇನು ಗೋಡೆಯ ಪೈಪೇನೋ, ವೈರು ಸಿಕ್ಕಿಕೊಂಡರೆ ನೂಕೋಕೆ?"

"ಇಪ್ಪತ್ತು ವರ್ಷ ವೈರು ನೂಕಿದ ಕೈ, ಹೇಳಿದ ಮಾತು ಕೇಳಲ್ಲ."

"ರಕ್ತ ನೋಡಿ ನನ್ನ ಜೀವ ಬಾಯಿಗೆ ಬಂದಿತ್ತು. ಮೂತ್ರದ ಚೀಲ ಕಟ್ಟಿ ಮನೇಲಿ ಕೂರಿಸಿಬಿಡ್ತಾರೆ ಅಂದುಕೊಂಡೆ."

"ಬರೀ ಗೀರಂತೆ, ಬಿಡಕ್ಕ."

"ನರ್ಸಮ್ಮ ಏನಂದ್ರು, ಒಪ್ಪಿಸು ನೋಡೋಣ."

"ಟ್ಯೂಬಿಗೆ ಜೆಲ್ಲಿ ಧಾರಾಳವಾಗಿ ಹಚ್ಚಬೇಕು. ತಡೆದರೆ ಅಲ್ಲೇ ನಿಲ್ಲಿಸಿ ನಿಧಾನವಾಗಿ ಉಸಿರು ಬಿಡಬೇಕು. ಸಡಿಲವಾದ ಮೇಲೆ ಮುಂದೆ. ಆಗಲೂ ಹೋಗದಿದ್ರೆ ತೆಗೆದು ಇಲ್ಲಿಗೆ ಬರಬೇಕು."

"ಜೆಲ್ಲಿಯಲ್ಲೂ ಜಿಪುಣತನ ಮಾಡಿದವನು ನೀನು!"

"ಇವತ್ತು ಅವರೆದುರೇ ಹಾಕ್ಕೊಂಡೆನಲ್ಲ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ನಾಳೆ ಏಣಿ ಹತ್ತಬಹುದಂತೆ."

ಬೆಂಚಿನ ತುದಿಯಲ್ಲಿ ಪೊಟ್ಟಣ ಹಿಡಿದು ಕೇಳುತ್ತಿದ್ದವಳು ತಡೆಹಿಡಿದ ಉಸಿರು ಬಿಟ್ಟಳು.

"ಅಕ್ಕ, ಅಮ್ಮನಿಗೆ ಏನಂತ ಹೇಳೋದು?"

"ಅಮ್ಮನಿಗೂ ಬೇಡ, ನಿನ್ನ ಭಾವನಿಗೂ ಬೇಡ. ನೀನು ನೂಕಿದ್ದು ನನ್ನ ಹೊಟ್ಟೆಯಲ್ಲೇ ಇರಲಿ. ನಡಿ, ಬಸ್ಸು ತಪ್ಪುತ್ತೆ."

ಇಬ್ಬರೂ ನಗುತ್ತಾ ಮೆಟ್ಟಿಲಿಳಿದರು.