ಏಳು, ಒಂಬತ್ತು, ಹನ್ನೊಂದು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಅತಿಥಿಗಳೇ, ಗಾರೆ ಕೆಲಸದ ನನ್ನ ಬಂಧುಗಳೇ, ಊಟ ಎಷ್ಟು ಹೊತ್ತಿಗೆ ಎಂದು ಕಾಯುತ್ತಿರುವ ಸಭಿಕರೇ,

ನನ್ನ ತಮ್ಮನಿಗೆ ಇಂದು ‘ಶ್ರೇಷ್ಠ ಮೇಸ್ತ್ರಿ’ ಎಂಬ ಗೌರವ. ಅಣ್ಣನಾದ ನನಗೆ ಸಂತೋಷವಾಗಬೇಡವೇ? ಆಗಿದೆ. ಬೆಳಿಗ್ಗೆಯಿಂದ ಕೇಳಿದವರಿಗೆಲ್ಲ ಆಗಿದೆ, ಆಗಿದೆ ಎಂದೇ ಹೇಳುತ್ತಿದ್ದೇನೆ. ಆದರೆ ಅವನ ಕೈಗೆ ಮೊದಲು ಕರಣೆ ಕೊಟ್ಟವನು ಯಾರು? ನಾನು. ದಾರ ಕಟ್ಟಲು ಕಲಿಸಿದವನು ಯಾರು? ನಾನು. ಇದನ್ನು ಯಾವ ಭಾಷಣಕಾರರೂ ಹೇಳಲಿಲ್ಲ, ಇರಲಿ.

ಅವನು ಹಿಡಿದ ಮೂಲೆ ಕೂದಲೆಳೆಯಷ್ಟೂ ತಪ್ಪುವುದಿಲ್ಲ ಎಂದು ಅಧ್ಯಕ್ಷರು ಹೊಗಳಿದರು. ಮೂವತ್ತು ವರ್ಷದ ಹಿಂದೆ ನಾವಿಬ್ಬರೂ ಒಂದು ಗೋದಾಮಿಗೆ ಪಾಯ ಗುರುತು ಹಾಕುತ್ತಿದ್ದೆವು. ಮೂಲೆಯಿಂದ ಒಂದು ದಾರದ ಮೇಲೆ ಆರಡಿ, ಇನ್ನೊಂದರ ಮೇಲೆ ಎಂಟಡಿ. ಆ ಎರಡು ಗುರುತುಗಳ ನಡುವೆ ಹತ್ತಡಿ ಬಂದರೆ ಮೂಲೆ ಸರಿ. ಇದು ನಮ್ಮಪ್ಪ ಕಲಿಸಿದ್ದು. ಅಂದು ಆರಡಿಯ ಜಾಗದಲ್ಲಿ ಬಂಡೆ ಇತ್ತು, ಗೂಟ ಇಳಿಯಲಿಲ್ಲ. ನಾನೇನು ದಡ್ಡನೇ? ಮೂರಕ್ಕೂ ಒಂದೊಂದು ಅಡಿ ಸೇರಿಸಿದೆ. ಏಳು, ಒಂಬತ್ತು, ಹನ್ನೊಂದು. ಯಾರಿಗೂ ಅನ್ಯಾಯವಿಲ್ಲ!

ತಮ್ಮ ಕಡ್ಡಿಯಿಂದ ನೆಲದ ಮೇಲೆ ಗೀಚಿದ. “ಅಣ್ಣಾ, ಏಳೇಳ್ಲಿ ನಲವತ್ತೊಂಬತ್ತು, ಒಂಬತ್ತೊಂಬತ್ಲಿ ಎಂಬತ್ತೊಂದು. ಕೂಡಿದ್ರೆ ನೂರಾ ಮೂವತ್ತು. ಹನ್ನೊಂದನ್ನ ಹನ್ನೊಂದರಿಂದ ಗುಣಿಸಿದ್ರೆ ನೂರಾ ಇಪ್ಪತ್ತೊಂದೇ. ಎರಡೂ ಒಂದೇ ಬರ್ಬೇಕಿತ್ತು. ಮೂಲೆ ಸರಿಯಿಲ್ಲ” ಎಂದ.

ಅದೂ ಎಂಟು ಜನ ಕೆಲಸಗಾರರ ಮುಂದೆ! “ಬಾಯ್ಮುಚ್ಕೊಂಡು ನೀರು ಹೊರು, ನಿನ್ನ ಮಗ್ಗಿ ಯಾರಿಗೆ ಬೇಕು?” ಎಂದೆ. ನಾನು ಊಟ ಮುಗಿಸಿ ಬರುವಷ್ಟರಲ್ಲಿ ಅವನು ಗೂಟ ಕಿತ್ತು ಒಂಬತ್ತು, ಹನ್ನೆರಡು, ಹದಿನೈದಕ್ಕೆ ನೆಟ್ಟಿದ್ದ. ಮಾಲೀಕರು ಬಂದು ಅಳೆದು, “ಮೇಸ್ತ್ರಿ ಅಂದ್ರೆ ನೀವು” ಎಂದು ನನ್ನ ಬೆನ್ನು ತಟ್ಟಿದರು. ಗೂಟ ನೆಟ್ಟವನು ತಾನೆನ್ನದೆ ತಮ್ಮ ನೀರಿನ ಕೊಡ ಎತ್ತಿಕೊಂಡು ಹೊರಟ. ಅದೇ ನನ್ನ ಹೊಟ್ಟೆ ಉರಿಸಿತು.

ಮರುದಿನವೇ “ಇವನಿಗೆ ಮೈ ಬಗ್ಗಲ್ಲ, ಬೇಡ” ಎಂದು ಮಾಲೀಕರ ಕಿವಿ ಊದಿ ಅವನನ್ನು ಕೆಲಸದಿಂದ ಬಿಡಿಸಿದೆ. ಹೌದು, ನಾನೇ. ಇದನ್ನು ಹೇಳಬೇಕೆಂದು ನಾನು ಬಂದಿರಲಿಲ್ಲ. ಮಾಲೀಕರೇ ಬೇಡವೆಂದರು ಎಂದು ಅವನು ಈ ಗಳಿಗೆಯವರೆಗೂ ನಂಬಿದ್ದ.

ಸಂಘದವರು ನನ್ನ ಕೈಗೆ ಪದಕ ಕೊಟ್ಟು, ಅಣ್ಣನೇ ತೊಡಿಸಲಿ ಎಂಬುದು ತಮ್ಮನ ಆಸೆ ಎಂದಿದ್ದಾರೆ. ಇಷ್ಟು ಕೇಳಿದ ಮೇಲೂ ಈ ಕೈಯೇ ಬೇಕೆನಿಸಿದರೆ ಮೇಲೆ ಬಾರಪ್ಪಾ. ಬೇಡವೆನಿಸಿದರೆ ಇದನ್ನು ಮೇಜಿನ ಮೇಲಿಟ್ಟು ಇಳಿದು ಹೋಗುತ್ತೇನೆ.

ಎದ್ದು ಬರುತ್ತಿದ್ದಾನೆ. ಇದರಲ್ಲೂ ನನಗಿಂತ ದೊಡ್ಡವನಾಗಿಬಿಟ್ಟ, ನೋಡಿ! ನನ್ನನ್ನು ಸಹಿಸಿಕೊಂಡ ನಿಮಗೆಲ್ಲ ವಂದನೆ. ನಮಸ್ಕಾರ.