ಕೈ ತಾನೇ ಹೋಯ್ತು

ಚೆಸ್ ಪಂದ್ಯಾವಳಿಯಲ್ಲಿ ಎದುರುಬದುರು ಆಡಿ ಬಂದ ಭಾವ, ಬಾಮೈದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕವೇ ಕೂತು ಕಿತ್ತಾಡುತ್ತಿದ್ದರು.

“ಗೆಲ್ಲೋ ಆಟ, ಭಾವ! ನಿಮಗೆ ಒಂದು ಕಾಲಾಳು ಜಾಸ್ತಿ ಇತ್ತು. ಡ್ರಾ ಅಂತ ಯಾಕೆ ಕೈ ಚಾಚಿದ್ರಿ?”

“ಕ್ಲಬ್ಬಲ್ಲಿ ದಿನಾ ಹಾಗೇ ಅಲ್ವೇನೋ? ನಾಲ್ಕೈದು ಕಾಯಿ ಉಳಿದ ತಕ್ಷಣ ಕೈ ಕುಲುಕಿ ಟೀಗೆ ಏಳೋದು. ಕೈ ತಾನೇ ಹೋಯ್ತು. ನೀನ್ಯಾಕೆ ಹಿಡ್ಕೊಂಡೆ, ಕತ್ತೆ?”

“ನಂದೂ ಅದೇ ಅಭ್ಯಾಸ.”

“ಗೆದ್ದೋನು ಮುಂದಿನ ಸುತ್ತಿಗೆ ಹೋಗ್ತಿದ್ದ. ಈಗ ಅರ್ಧರ್ಧ ಅಂಕ ಸಾಲ್ದೆ ಇಬ್ಬರೂ ಮನೆಗೆ!”

“ಮುಂದಿನ ವರ್ಷ ಬರೋಣ ಬಿಡಿ.”

“ಮುಂದಿನ ವರ್ಷ ಕಣ್ಣು ಎಲ್ಲಿರುತ್ತೋ ನಂಗೆ? ಡಾಕ್ಟರ್ ಹೇಳಿದ್ದು ಕೇಳ್ಲಿಲ್ವಾ? ಈಗಲೇ ಕಪ್ಪು ಮನೇಲಿ ಕಪ್ಪು ಕಾಯಿ ಕಾಣ್ತಿಲ್ಲ.”

ನನಗೇ ಸಿಟ್ಟು ಬಂತು, ಯಾರ ಮೇಲೋ ಗೊತ್ತಿಲ್ಲ. ಅಷ್ಟರಲ್ಲಿ ಬಸ್ಸು ಬಂತು.

“ನಮ್ಮದೇನೋ ಇದು?”

“ನಮ್ಮದೇ, ಬನ್ನಿ.”

ಭಾವ ಕೈ ಚಾಚಿದ. ಬಾಮೈದ ಹಿಡಿದುಕೊಂಡ.