ದವಡೆಗೆ ಕೇಳಿದ್ದು

ಎಂ.ಸಿ.ಸಿ. ಬಡಾವಣೆಯ ಕಿವಿ ಡಾಕ್ಟರ ಬಳಿ ಸರದಿ ಕಾಯುತ್ತಿದ್ದ ವಾಣಿಶ್ರೀಗೆ, ಎದುರು ಕೂತಿದ್ದ ಕೊಟ್ರವ್ವ ಮತ್ತು ಪ್ರಾಣಿಶಾಸ್ತ್ರ ಓದುವ ಮಗಳು ರಶ್ಮಿಯ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಅವರ ನಡುವೆ ಕೂತಿದ್ದ ಕೊಟ್ರವ್ವನ ಗಂಡ, ಅಕ್ಕಿ ಗಿರಣಿಯ ಫಿಟ್ಟರ್ ಭರಮಣ್ಣನಿಗೆ ಮಾತ್ರ ಏನೂ ಕೇಳುತ್ತಿರಲಿಲ್ಲ.

“ಕಿವಿ ಮಂದಾದ್ರೂ ನಿಮ್ಮಪ್ಪ ಗಿರಣಿ ಬಿಡ್ಲಿಲ್ಲ. ಸ್ಕ್ರೂಡ್ರೈವರ್ ಹಲ್ಲಾಗ ಕಚ್ಚಿ, ತುದಿ ಮಿಷನ್ನಿಗಿಟ್ಟು ಬೇರಿಂಗ್ ಸದ್ದು ಹಿಡೀತಿದ್ರು.”

“ಅದು ಎಲುಬಿನಾಗ ಸದ್ದು ಹೋಗೋ ಹಳೇ ದಾರಿ ಅವ್ವ. ನಮ್ಮ ಕಿವಿಯೊಳಗಿನ ಎರಡು ಎಲುಬು ಕೋಟಿಗಟ್ಲೆ ವರ್ಷದ ಹಿಂದೆ ದವಡೆ ಎಲುಬೇ ಆಗಿದ್ವು. ಹಾವು ಈಗ್ಲೂ ದವಡೆ ನೆಲಕ್ಕಿಟ್ಟು ಕೇಳ್ತೈತೆ.”

“ಹಂಗಾರೆ ಇವ್ರಿಗೂ ಕೇಳ್ಬೇಕಲ್ಲ?”

“ಒಳಗಿನ ನರ ಉಳಿದಿದ್ರೆ.”

“ನಿನ್ನೆ ನನ್ನ ನೆತ್ತಿಗೆ ಗದ್ದ ಒತ್ತಿ, ಮಾತಾಡು ಅಂದ್ರು. ಲಗ್ನ ಆದಾಗಿಂದ ಬಾಯಿಗೆ ತರದ ಅವ್ರ ಹೆಸರನ್ನೇ ಕೂಗಿದೆ.”

“ಕೇಳ್ತಂತಾ?”

“ಯಾಕ ನಡುಗ್ತಿ ಅಂದ್ರು.”

ಒಳಗಿನಿಂದ “ಭರಮಣ್ಣ” ಎಂದು ಕರೆದರು. ಎದ್ದವಳು ಕೊಟ್ರವ್ವ.